ವಸ್ತಾದರು ಒಪ್ಪಿದ ಪ್ಲೇಯರ್

ಜುಗೂಳದ ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ನಾಮದೇವ ವಸ್ತಾದರು ಕಂಪ್ಯೂಟರಿನ ಮುಂದೆಯೂ ಎದೆ ಸೆಟೆಸಿಯೇ ಕೂರುತ್ತಿದ್ದರು. ಶಿಷ್ಯ ಸುರಜ ಬೆಳ್ಳಿ ಕಡಗ ಗೆದ್ದ ಕುಸ್ತಿಯ ಸಿ.ಡಿ. ಅವರ ಕೈ ಸೇರಿತ್ತು. ಅವನು ಹಾಕಿದ ಪಟ್ಟನ್ನು ಉಳಿದ ಹುಡುಗರಿಗೂ ಕಲಿಸಬೇಕೆಂದು ಗರಡಿಗೊಂದು ಹಳೆಯ ಕಂಪ್ಯೂಟರ್ ತಂದು, ಅಥಣಿಯಿಂದ ರಿಪೇರಿಯ ಸುಧೀರನನ್ನು ಕರೆಸಿದರು.

ಸಿ.ಡಿ. ನೋಡಲೆಂದು ಸುಧೀರ ಕಂಪ್ಯೂಟರಿಗೆ ಹಾಕಿದ ಮೊದಲ ವಿಡಿಯೊ ಪ್ಲೇಯರಿನಲ್ಲಿ ಬಣ್ಣದ ಗುಂಡಿಗಳೇ ತುಂಬಿದ್ದವು.

"ಮದವಿ ಮಂಟಪ ಆತಲ್ಲೋ ಇದು! ನಿಲ್ಲು ಅಂದಲ್ಲೆ ನಿಲ್ಲವಲ್ದು," ಎಂದು ವಸ್ತಾದರು ಸಿಡುಕಿದರು.

ಎರಡನೆಯದು ಹಿಂದಕ್ಕೆ ಸರಿಸಿದರೆ ಕುಸ್ತಿಯ ಆರಂಭಕ್ಕೇ ಜಿಗಿಯುತ್ತಿತ್ತು. ಮೂರನೆಯದು ನೋಡಲು ತೀರಾ ಸಾದಾ. ಆದರೆ ಗುಂಡಿ ಒತ್ತಿದಷ್ಟು ಸಲ ಚಿತ್ರ ಒಂದೊಂದೇ ಹೆಜ್ಜೆ ಸರಿದು ನಿಲ್ಲುತ್ತಿತ್ತು.

"ಇದು ಗರಡಿ ಮನಿ ಹುಡುಗ," ಎಂದು ವಸ್ತಾದರು ಒತ್ತುತ್ತಾ ಹೋದರು. ಒಂದು ಕಡೆ ಬೆರಳು ತಡೆಯಿತು. ಎದುರಾಳಿಯನ್ನು ಉರುಳಿಸುವ ಮುನ್ನ, ರೆಪ್ಪೆ ಬಡಿಯುವಷ್ಟರಲ್ಲಿ, ಸುರಜನ ಎರಡೂ ಭುಜಗಳೇ ಮಣ್ಣಿಗೆ ತಾಗಿದ್ದವು; ಕುಸ್ತಿಯ ಲೆಕ್ಕದಲ್ಲಿ ಅಲ್ಲಿಗೇ ಅವನು ಸೋತಿದ್ದ. ಅದು ತೀರ್ಪು ಕೊಟ್ಟ ಪಂಚರಿಗೆ ಕಂಡಿರಲಿಲ್ಲ, ಸುರಜನಿಗೂ ತಿಳಿದಿರಲಿಲ್ಲ.

ಮರುದಿನವೇ ವಸ್ತಾದರು ಸುರಜನನ್ನು ಕರೆದುಕೊಂಡು ಎದುರಾಳಿಯ ಊರು ತೆಲಸಂಗಕ್ಕೆ ಹೋಗಿ, ಅಂದು ಸೋತನೆನಿಸಿಕೊಂಡಿದ್ದ ಪೈಲ್ವಾನನ ಕೈಗೆ ಆ ಕಡಗ ತೊಡಿಸಿ ಬಂದರು.

ಸುದ್ದಿ ಕೇಳಿ ಸುಧೀರ ಗರಡಿಗೆ ಓಡಿಬಂದ. "ನಾ ಇದನ್ನ ಹಾಕಬಾರದಿತ್ರಿ ವಸ್ತಾದ್ರ. ಮೊದಲಿನ ಎರಡರಾಗೂ ನಾವ ಗೆದ್ದಿದ್ವಿ," ಎಂದು ಪೇಚಾಡಿದ.

"ಹೌದಲ್ಲ? ಹಂಗಾರ ಅವೆರಡೂ ಕಿತ್ತ ಒಗಿ," ಎಂದರು ವಸ್ತಾದರು. "ಹುಡುಗೂರು ನೋಡಿ ಅದನ್ನ ಖರೆ ಅಂದಾರು."