ಶಿಕಾಗೋದ ಭಾನುವಾರಗಳು

ಡೆಲ್ಮರ್ ಟ್ವೇಟ್‌ನ ಅಂಗಳದಲ್ಲಿ ಒಂದು ಮನೆಗಾಡಿ ನಿಂತಿರುತ್ತಿತ್ತು. ಒಲೆ, ಹಾಸಿಗೆ ಎಲ್ಲ ಒಳಗೇ ಇರುವ, ಊರೂರು ಸುತ್ತುವವರ ದೊಡ್ಡ ಗಾಡಿ. ಅದು ಎಲ್ಲಿಗಾದರೂ ಹೋದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಟೈರುಗಳು ಕುಸಿದಿದ್ದವು. ಒಳಗೆ ಅವನ ಹೆಂಡತಿ ಆರ್ಲಿಸ್‌ಳ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಆದರೂ ಪ್ರತಿ ವರ್ಷ ಡೆಲ್ಮರ್ ನಮ್ಮ ಜಿಲ್ಲೆಯ ಕೌಂಟಿ ಕಚೇರಿಗೆ ಹೋಗಿ ಅದರ ನೋಂದಣಿ ಹೊಸದು ಮಾಡಿಸಿ, ನಂಬರ್ ಪ್ಲೇಟಿಗೆ ಹೊಸ ಚೀಟಿ ಅಂಟಿಸುತ್ತಿದ್ದ.

ಇಡೀ ಊರಿಗೆ ಕಾರಣ ಗೊತ್ತಿತ್ತು. ಛಾವಣಿಯ ಮೇಲಿನ ಡಿಶ್ ಆಂಟೆನಾದಲ್ಲಿ ಬೇರೆ ಊರಿನ ಸ್ಥಳೀಯ ಚಾನೆಲ್ ನೋಡಲು ಎಲ್ಲರಿಗೂ ಅನುಮತಿ ಇರಲಿಲ್ಲ. ಮನೆಗಾಡಿ ಇದ್ದವರಿಗೆ ಇತ್ತು. ಸುತ್ತಾಡುವವರಿಗೆ ಎಲ್ಲ ಊರೂ ಒಂದೇ ಎಂದು ಆ ನಿಯಮ ಮಾಡಿದ್ದರಂತೆ. ಅಮೆರಿಕದ ಉತ್ತರದಂಚಿನ ನಮ್ಮ ಡಕೋಟಾದಿಂದ ಎರಡು ದಿನದ ದಾರಿ ಇರುವ ಶಿಕಾಗೋದ ಒಂದು ಚಾನೆಲ್ ಡೆಲ್ಮರ್‌ಗೆ ಬೇಕಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ, ಮನೆ ಬಿಟ್ಟು ಬರಲಾಗದವರಿಗಾಗಿ, ಅದರಲ್ಲಿ ಅಲ್ಲಿನ ಒಂದು ಚರ್ಚಿನ ಆರಾಧನೆ ಬರುತ್ತಿತ್ತು. ಆ ಚರ್ಚಿನ ಗಾಯಕವೃಂದದ ಎರಡನೇ ಸಾಲಿನಲ್ಲಿ ಅವನ ಅಕ್ಕ ಅಯೋನ್ ಹಾಡುತ್ತಿದ್ದಳು.

ಅಕ್ಕ ತಮ್ಮ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಅವರ ತಾಯಿ ತೀರಿಕೊಂಡ ಮೇಲೆ ಮನೆಯ ಸಾಮಾನು ಹರಾಜಿಗೆ ಬಂತು. ನಾನೂ ಹೋಗಿದ್ದೆ. ಅಯೋನ್ ಬರುವ ದಾರಿಯಲ್ಲಿ ಹಿಮ ಬಿದ್ದು ತಡವಾಯಿತು. ಹುಲ್ಲಿನ ಬಂಡಿಯ ಮೇಲೆ ಇಟ್ಟಿದ್ದ ತಟ್ಟೆ, ಕುರ್ಚಿ, ದೀಪ ಎಲ್ಲ ಒಂದೊಂದಾಗಿ ಹರಾಜಾಗಿ, ಕೊನೆಗೆ ತಾಯಿ ಕಾಲಿನಿಂದ ಒತ್ತಿ ನುಡಿಸುತ್ತಿದ್ದ ಆರ್ಗನ್ ಬಂತು. ಅಯೋನ್ ಹಾಡು ಕಲಿತದ್ದು ಅದರ ಪಕ್ಕದಲ್ಲಿ ನಿಂತು. ಇದೊಂದು ಇರಲಿ ಎಂದು ಡೆಲ್ಮರ್ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಬರುವಷ್ಟರಲ್ಲಿ ಯಾರೋ ಅದನ್ನು ತಮ್ಮ ಪಿಕಪ್‌ಗೆ ಹಗ್ಗ ಹಾಕಿ ಕಟ್ಟುತ್ತಿದ್ದರು.

"ಮಧ್ಯಾಹ್ನದವರೆಗೆ ಕಾಯೋಕಾಗ್ಲಿಲ್ವಾ ನಿಂಗೆ?" ಎಂದಳು.

"ಹರಾಜು ಯಾರಿಗೋಸ್ಕರಾನೂ ನಿಲ್ಲಲ್ಲ," ಎಂದ ಅವನು.

ಅವಳು ಕೈಗವಸು ಕೂಡ ತೆಗೆಯದೆ ಹಿಂದಿರುಗಿದಳು.

ವರ್ಷಗಳಾದ ಮೇಲೆ ಸೋದರ ಸಂಬಂಧಿಯೊಬ್ಬಳು ಟಿವಿಯಲ್ಲಿ ಅಯೋನ್ ಕಾಣಿಸುತ್ತಾಳೆ ಎಂದು ತಿಳಿಸಿದಳು. ಡೆಲ್ಮರ್ ಅಕ್ಕನಿಗೆ ಫೋನ್ ಮಾಡಲಿಲ್ಲ. ಯಾರೋ ಹೊಲದಂಚಿನಲ್ಲಿ ಬಿಟ್ಟಿದ್ದ ಮನೆಗಾಡಿಯನ್ನು ಕೊಂಡು ಎಳೆಸಿಕೊಂಡು ಬಂದ. ಆರ್ಲಿಸ್ ಫೋನಿನ ಮಾತೆತ್ತಿದಾಗಲೆಲ್ಲ ಅವನದು ಒಂದೇ ಉತ್ತರ: "ಈಗ ತಾನೇ ನೋಡಿದ್ನಲ್ಲ. ಚೆನ್ನಾಗಿದ್ದಾಳೆ. ಏನಂತ ಕೇಳ್ಲಿ?"

ಹೀಗೆ ಆರು ವರ್ಷ ಕಳೆಯಿತು.

ಎರಡು ಸಾವಿರದ ಆರನೇ ಇಸವಿಯ ಶರತ್ಕಾಲದಲ್ಲಿ ಆ ಸುದ್ದಿ ಬಂತು. ಡಿಶ್ ಕಂಪನಿ ಹಕ್ಕಿಲ್ಲದವರಿಗೂ ಹೊರಗಿನ ಚಾನೆಲ್ ಕೊಟ್ಟಿದೆ, ಆದ್ದರಿಂದ ಇನ್ನು ಯಾರಿಗೂ ಕೊಡಬಾರದು ಎಂದು ಕೋರ್ಟು ತೀರ್ಪು ಕೊಟ್ಟಿತ್ತು. ಡಿಸೆಂಬರ್ ಒಂದಕ್ಕೆ ಎಲ್ಲ ಬಂದ್. ಧಾನ್ಯದ ಉಗ್ರಾಣದ ಕಾಫಿ ಮೇಜಿನಲ್ಲಿ ಗಂಡಸರು ಫುಟ್‌ಬಾಲ್ ಹೋಯಿತೆಂದು ಗೊಣಗಿದರು. ಗೋಧಿ ಬೆಳೆಯುವ ಆರಿನ್ ಡೆಲ್ಮರ್‌ನನ್ನು ಕೆಣಕಿದ. "ಏನಯ್ಯಾ, ನಿನ್ನ ಕೋಳಿಗಳಿಗೆ ಇನ್ಮೇಲೆ ಶಿಕಾಗೋ ಹವಾಮಾನ ಯಾರು ಹೇಳ್ತಾರೆ?"

ಎಲ್ಲರೂ ನಕ್ಕರು. ಡೆಲ್ಮರ್ ಕಾಫಿ ಬಿಟ್ಟು ಎದ್ದುಹೋದ.

ಅವನು ಕಂಪನಿಗೆ ಫೋನ್ ಮಾಡಿ ತನ್ನ ಗಾಡಿಯ ಕಾಗದಗಳೆಲ್ಲ ಸರಿಯಾಗಿವೆ ಎಂದು ವಾದಿಸಿದನಂತೆ. ಅತ್ತ ಕಡೆಯ ಹುಡುಗಿ, ನಿಮ್ಮ ತಪ್ಪಿಲ್ಲ, ಆದರೆ ಸರಿಯಾಗಿದ್ದವರಿಗೂ ಇಲ್ಲ ಎಂದಳಂತೆ. ಆ ವಾರ ನಾನು ಆ ಅಕ್ಕ ತಮ್ಮ ಇಬ್ಬರಿಗಾಗಿಯೂ ಪ್ರಾರ್ಥಿಸಿದೆ. ಟಿವಿ ಚಾನೆಲ್‌ಗಾಗಿ ದೇವರನ್ನು ಕೇಳುವುದು ಸರಿಯೋ ತಪ್ಪೋ ತಿಳಿಯದೆ ಅದನ್ನು ಮಾತ್ರ ಬಿಟ್ಟೆ.

ನವೆಂಬರಿನ ಕೊನೆಯ ಭಾನುವಾರ ಆರ್ಲಿಸ್ ನನ್ನನ್ನೂ ಕರೆದಳು. ಡೆಲ್ಮರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಗಾಯಕವೃಂದ ಎದ್ದು ನಿಂತಿತು. ಎಲ್ಲರ ಕೈಯಲ್ಲೂ ಹಾಡಿನ ಪುಸ್ತಕವಿತ್ತು. ಅಯೋನ್‌ಳ ಕೈಯಲ್ಲಿ ಇರಲಿಲ್ಲ. ಅವಳು ಮುಖವನ್ನು ಸ್ವಲ್ಪ ಓರೆ ಮಾಡಿಕೊಂಡು ಹಾಡುತ್ತಿದ್ದಳು.

"ನೋಡು," ಎಂದ ಅವನು ನನಗೆ. "ಎರಡು ವರ್ಷದಿಂದ ಪುಸ್ತಕಾನೇ ಮುಟ್ಟಿಲ್ಲ. ಎಲ್ಲಾ ಬಾಯಿಪಾಠ. ಗರ್ವ ನೋಡು ಅವಳದು." ಅವನ ದನಿಯಲ್ಲಿ ಇದ್ದದ್ದು ಹೆಮ್ಮೆ.

ಮುಂದಿನ ಭಾನುವಾರವೂ ಅವನು ಹಾಗೆಯೇ ಕೂತಿದ್ದನಂತೆ. ಪರದೆಯ ಮೇಲೆ ಈ ಚಾನೆಲ್ ಲಭ್ಯವಿಲ್ಲ ಎಂಬ ಒಂದು ಸಾಲು ಮಾತ್ರ. ಆರಾಧನೆ ಮುಗಿಯುವ ಹೊತ್ತಿನವರೆಗೂ ಅದನ್ನೇ ನೋಡಿ, ಎದ್ದು ಹೋಗಿ ಮನೆಗಾಡಿಯ ಟೈರುಗಳನ್ನು ಒದ್ದು ಪರೀಕ್ಷಿಸಿದ. ಫೋನ್ ಮಾಡಿದರೆ ಅಕ್ಕ ಇಟ್ಟುಬಿಟ್ಟಾಳು, ಹೋಗಿಯೇ ನೋಡುತ್ತೇನೆ ಎಂದ. ಹಿಮ ಕರಗಲಿ ಎಂದು ಏಪ್ರಿಲ್‌ವರೆಗೆ ಕಾದ. ಆಯುಷ್ಯವೆಲ್ಲ ಕೌಂಟಿಯ ರಸ್ತೆಗಳಲ್ಲಿ ಹಿಮ ತೆಗೆದವನಿಗೆ ಹಿಮ ಒಂದು ನೆಪ.

ಕೋಳಿಗಳು ನನ್ನ ಮನೆಗೆ ಬಂದವು. ಟೈರು ಬದಲಿಸಿ, ರಿಪೇರಿ ಮಾಡಿಸಿದ ಮೇಲೆ ಆ ಗಾಡಿ ಮೊದಲ ಸಲ ರಸ್ತೆಗಿಳಿಯಿತು. ಶಿಕಾಗೋದಲ್ಲಿ ನಡೆದದ್ದನ್ನು ಜೊತೆಗೆ ಹೋಗಿದ್ದ ಆರ್ಲಿಸ್ ನನಗೆ ಆಮೇಲೆ ಹೇಳಿದಳು.

ಚರ್ಚಿನಲ್ಲಿ ಎರಡನೇ ಸಾಲಿನಲ್ಲಿ ಅಯೋನ್ ಇರಲಿಲ್ಲ. ಕ್ರಿಸ್‌ಮಸ್ ನಂತರ ಮೆಟ್ಟಿಲು ಹತ್ತಲು ಆಗುತ್ತಿಲ್ಲವೆಂದು ಹಾಡುವುದನ್ನು ಬಿಟ್ಟಳು ಎಂದರು ಪಾಸ್ಟರ್. ಚರ್ಚಿನ ಹಿಂದಿನ ಬೀದಿಯಲ್ಲೇ ಅವಳ ಮನೆ. ಬಾಗಿಲು ತೆರೆದವಳು ಎದುರಿಗೇ ನಿಂತ ತಮ್ಮನಿಗೆ, ಯಾರು ಎಂದು ಕೇಳಿದಳು. ಅವನು ಹೆಸರು ಹೇಳಿದ. ಅವಳು ತಟ್ಟನೆ ಮುಖ ತಿರುಗಿಸಿದಳು.

ಡೆಲ್ಮರ್ ಅದನ್ನು ಕೋಪವೆಂದುಕೊಂಡ. ಹೊರಡಲು ಹೆಜ್ಜೆಯನ್ನೂ ಎತ್ತಿದ.

"ನಿಲ್ಲೋ. ನೇರಕ್ಕೆ ನೋಡಿದ್ರೆ ನಂಗೇನೂ ಕಾಣಲ್ಲ," ಎಂದಳು. "ಓರೆಯಿಂದ ಒಂದು ಚೂರು ಕಾಣತ್ತೆ. ಅಲ್ಲೇ ಇರು."

ಎರಡು ವರ್ಷದಿಂದ ಅವಳಿಗೆ ಅಕ್ಷರ ಕಾಣುತ್ತಿರಲಿಲ್ಲ. ನೆನಪಿನಿಂದಲೇ ಹಾಡುತ್ತಿದ್ದಳು. ಪ್ರತಿ ಭಾನುವಾರ ಟಿವಿಯಲ್ಲಿ ಅವಳನ್ನೇ ನೋಡುತ್ತಿದ್ದೆ ಎಂದು ಡೆಲ್ಮರ್ ಹೇಳಿದ.

"ನಿಂಗೆ ಆರು ವರ್ಷ ನಾನು ಸಿಕ್ಕಿದ್ದೆ," ಎಂದಳು ಅವಳು. "ನಂಗೆ ನೀನು ಸಿಗ್ಲಿಲ್ಲ. ಕಣ್ಣಿದ್ದಾಗ ಬರಬಾರದಿತ್ತಾ ನೀನು?"

ಅವಳೇ ಕಾಫಿ ಮಾಡಿದಳು. ಬೆರಳನ್ನು ಕಪ್ಪಿನ ಅಂಚಿಗಿಟ್ಟು ಅಳೆದು ಸುರಿಯುವುದನ್ನು ಅವನು ನೋಡುತ್ತ ಕೂತ. ಹೊರಡುವಾಗ ಅವಳು ಕೇಳಿದಳು, "ನಿನ್ನ ಆ ಕೆಂಚು ಕೂದಲು ಹಾಗೇ ಇದ್ಯಾ?"

"ಟೋಪಿ ಹಾಕ್ಕೊಂಡಿದ್ದೀನಿ," ಎಂದನಂತೆ.

ಈಗ ಕೋಳಿಗಳು ಮತ್ತೆ ಗಾಡಿಯೊಳಗಿವೆ. ಭಾನುವಾರ ಬೆಳಿಗ್ಗೆ, ಮೊದಲು ಆರಾಧನೆ ಬರುತ್ತಿದ್ದ ಹೊತ್ತಿಗೆ, ಅವನು ಅಕ್ಕನಿಗೆ ಫೋನ್ ಮಾಡುತ್ತಾನೆ. ಅವಳ ಕೂದಲು ಬೆಳ್ಳಗಾದ ಒಂದೊಂದು ಚಳಿಗಾಲವೂ ಅವನಿಗೆ ಗೊತ್ತು. ತನ್ನದೆಲ್ಲ ಉದುರಿಹೋಗಿದೆ ಎಂದು ಅವನೇ ಬಾಯಿಬಿಟ್ಟು ಹೇಳಬೇಕು. ಇನ್ನೂ ಹೇಳಿಲ್ಲವಂತೆ.