ಮೂರನೆಯ ಟೀ

ನನ್ನ ಗಂಡ ಬೇಕರಿಯ ಭಟ್ಟಿಯ ಮುಂದೆ ನಿಂತೇ ಜೀವ ಸವೆಸಿದವರು. ಮುಂಗೈ ಮೇಲೆ ಒಂದೂ ಕೂದಲಿರಲಿಲ್ಲ, ಎಲ್ಲ ಸುಟ್ಟುಹೋಗಿತ್ತು. ಮನೆಗೆ ಬಂದರೆ ಬೆನ್ನು ತಣ್ಣಗಾಗಲೆಂದು ಬರಿ ನೆಲದ ಮೇಲೆ ಬಿದ್ದುಕೊಳ್ಳುತ್ತಿದ್ದರು. "ಸಾಯೋದ್ರೊಳಗೆ ಒಂದ್ಸಲ ಹಲ್ಲು ಕಟಕಟ ಅನ್ನೋ ಚಳಿ ನೋಡ್ಬೇಕು ಕಣೇ," ಎನ್ನುತ್ತಿದ್ದರು. ನೋಡಿದರು.

ಅವರಿಗೆ ಇಬ್ಬರು ಗೆಳೆಯರು, ಒಬ್ಬ ಟೈಲರ್, ಒಬ್ಬ ಪೋಸ್ಟ್‌ಮ್ಯಾನ್. ರಜೆ ಬಂತೆಂದರೆ ಮೂವರೂ ಸೈಕಲ್ ಹತ್ತಿ ಊರಾಚೆ. ಏರು ಸಿಕ್ಕರೆ ನನ್ನ ಗಂಡನದೊಂದು ಆಟ. ಸೈಕಲ್ ಬಿಸಾಕಿ, ರಸ್ತೆ ಬದಿಯಲ್ಲಿ ಅಂಗಾತ ಮಲಗಿ, ನಾಲಿಗೆ ಹೊರಗೆ ಹಾಕಿ, "ಸತ್ತೆನ್ರೋ! ನನ್ನ ಪಾಲಿನ ಬನ್ನು ನೀವೇ ತಿನ್ರಪ್ಪಾ" ಎಂದು ಕೂಗುವುದು. ಎಬ್ಬಿಸಲು ಯಾರು ವಾಪಸು ಬರುತ್ತಾರೋ ಅವತ್ತಿನ ಟೀ ಅವರ ತಲೆಗೆ. ಮೊದಮೊದಲು ಟೈಲರ್ ಬರುತ್ತಿದ್ದ. ಆಮೇಲೆ ಅವನೂ ಬುದ್ಧಿ ಕಲಿತ. ಇಬ್ಬರೂ ಮುಂದೆ ಹೋಗಿ ಟೀ ಅಂಗಡಿಯಲ್ಲಿ ಕೂತರೆ, ಸ್ವಲ್ಪ ಹೊತ್ತಿಗೆ ಹೆಣವೇ ಸೈಕಲ್ ತುಳಿದುಕೊಂಡು ಬರುತ್ತಿತ್ತು.

ಕಡೇ ಸಲ ದೊಡ್ಡ ಬೆಟ್ಟಗಳಿಗೇ ಹೊರಟರು. ಹುಲ್ಲೂ ಬೆಳೆಯದಷ್ಟು ಎತ್ತರ, ಉಸಿರು ಸಾಲದ ಜಾಗ. ಹೋಗುವಾಗ ಮೂರು ಸೈಕಲ್. ಬರುವಾಗಲೂ ಮೂರು ಸೈಕಲ್, ಜೊತೆಗೊಂದು ಪೆಟ್ಟಿಗೆ.

"ಎದೆ ಹಿಡ್ಕೊಂಡ ಅತ್ತಿಗೆ, ಅಷ್ಟೇ. ನನ್ನ ತೊಡೆ ಮೇಲೇ ಪ್ರಾಣ ಬಿಟ್ಟ," ಎಂದಿದ್ದ ಪೋಸ್ಟ್‌ಮ್ಯಾನ್. ಒಬ್ಬರೇ ಸಾಯಲಿಲ್ಲವಲ್ಲ ಎಂದು ಆ ಮಾತನ್ನೇ ಹಿಡಿದುಕೊಂಡು ದಿನ ನೂಕಿದೆ.

ಮೊನ್ನೆ ಇಬ್ಬರೂ ಬಂದರು. ಮತ್ತೆ ಅಲ್ಲಿಗೇ ಹೋಗುತ್ತಾರಂತೆ, ಇವರ ಫೋಟೋ ಹ್ಯಾಂಡಲ್‌ಗೆ ಕಟ್ಟಿಕೊಂಡು. "ಒಂದು ಒಳ್ಳೇದು ಕೊಡಿ ಅತ್ತಿಗೆ, ನಗ್ತಾ ಇರೋದು," ಎಂದ ಪೋಸ್ಟ್‌ಮ್ಯಾನ್. ಟೀ ಕೊಟ್ಟೆ. ಟೈಲರ್ ಮುಟ್ಟಲಿಲ್ಲ.

"ಕುಡಿಯಪ್ಪ, ಆರಿ ಕೆನೆ ಕಟ್ತಿದೆ."

"ಅವನ ಟೀಗೂ ಹಿಂಗೇ ಕಟ್ತು ಅತ್ತಿಗೆ."

"ಯಾವ ಟೀ?"

ಪೋಸ್ಟ್‌ಮ್ಯಾನ್ ಅವನ ಕಾಲು ತುಳಿದ. ನಾನು ನೋಡಿದೆ.

"ಯಾವ ಟೀ, ಬಾಯಿ ಬಿಡು."

ಬಿಟ್ಟ. ಕಡೇ ಏರಿನಲ್ಲಿ ಹಿಂದೆ ಸೈಕಲ್ ಬಿದ್ದ ಸದ್ದಾಯಿತಂತೆ. ತಿರುಗಿದರೆ ಇವರು ಅಂಗಾತ ಬಿದ್ದಿದ್ದರಂತೆ. "ಶುರು ಹಚ್ಕೊಂಡ ನೋಡು" ಎಂದು ನಕ್ಕು, ಮೇಲಿದ್ದ ಅಂಗಡಿಗೆ ಹೋಗಿ ಮೂರು ಟೀ ಹೇಳಿದರಂತೆ. ತಮ್ಮದು ಕುಡಿದರಂತೆ. ಇನ್ನೊಂದು ಸಲವೂ ಕುಡಿದರಂತೆ, ಚಳಿಯಲ್ಲವೇ. ಮೂರನೆಯದು ಕೆನೆ ಕಟ್ಟಿದ ಮೇಲೆ ಇಳಿದು ಬಂದು ನೋಡಿದರೆ ಇವರ ಮೈ ತಣ್ಣಗಾಗಿತ್ತಂತೆ.

"ಬನ್ನಿನ ಮಾತು ಇವರು ಕೂಗಿದ್ರಾ?"

"ಇಲ್ಲ. ಅವತ್ತು ಕೂಗ್ಲಿಲ್ಲ."

"ಕೂಗ್ಲಿಲ್ಲ ಅಂತ ಅನುಮಾನ ಬರ್ಲಿಲ್ವಾ?"

"ನಿಮಗೆ ಸಂಕಟ ಆಗ್ಬಾರ್ದು ಅಂತ ತೊಡೆ ಮೇಲೆ ಅಂದಿದ್ದು ಅತ್ತಿಗೆ," ಎಂದ ಪೋಸ್ಟ್‌ಮ್ಯಾನ್.

"ಬಿದ್ದವನನ್ನ ಎತ್ತಲಿಲ್ಲ, ಈಗ ಫೋಟೋ ಹೊರ್ತೀರಾ? ಎದ್ದು ಹೋಗಿ."

ಹೋದರು. ಟೈಲರ್ ಮುಟ್ಟದ ಟೀಯನ್ನು ಮೋರಿಗೆ ಚೆಲ್ಲಿದೆ. ಇವರು ನೀರು ಕೇಳಿದರೋ, ನನ್ನನ್ನು ಕರೆದರೋ, ಹೇಳುವವರು ಯಾರೂ ಇಲ್ಲ.