ಕೆಲಸವಿಲ್ಲದ ತಿಂಗಳು

ರೇಷ್ಮೆಯೂರಿನ ಪುರಸಭೆಯ ಪಂಪು ಮೇಸ್ತ್ರಿ ಪುಟ್ಟಲಿಂಗಯ್ಯನಿಗೆ ವರ್ಷಕ್ಕೊಮ್ಮೆ ತಲೆ ಕೆಡುತ್ತದೆ. ಚರಂಡಿ ನೀರೆತ್ತುವ ಪಂಪನ್ನು ಬಿಚ್ಚಿ ರಿಪೇರಿ ಮಾಡಲು ಕೆಲಸ ಕಡಿಮೆಯಿರುವ ತಿಂಗಳನ್ನು ಬರೆದುಕೊಡಿ ಎಂದು ಇಂಜಿನಿಯರು ಫಾರಂ ಕಳಿಸುತ್ತಾರೆ. ಅಂಥ ತಿಂಗಳು ಯಾವುದೆಂದು ಇವನಿಗೆ ತಿಳಿಯದು. ಮಳೆಗಾಲದಲ್ಲಿ ಮಳೆನೀರು, ಬೇಸಿಗೆಯಲ್ಲಿ ಒಡೆದ ನಲ್ಲಿ ಪೈಪಿನ ಗುಂಡಿ, ಎರಡೂ ಇಲ್ಲದಾಗ ರೇಷ್ಮೆಗೂಡು ಬೇಯಿಸಿದ ನೀರು; ರೇಷ್ಮೆ ರೇಟು ಏರಿದಂತೆಲ್ಲ ಓಣಿಗೊಂದು ಹೊಸ ಒಲೆ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹೋಗಿ ನೂಲು ಬಿಚ್ಚಿಸುವ ದಾಸಪ್ಪನನ್ನು, "ಯಾವಾಗ ಒಸಿ ಕಡಿಮೆ ಆಯ್ತದೆ ಸಾಮಿ?" ಎಂದು ಕೇಳುತ್ತಾನೆ. "ಕಡಿಮೆ ಅನ್ನೋ ಮಾತ ಬಾಯಲ್ಲಿ ಆಡ್ಬ್ಯಾಡ ಕಣಯ್ಯ!" ಎಂದು ಬೈಸಿಕೊಂಡು ಬರುತ್ತಾನೆ. ಗುಡೇಮಾರನಹಳ್ಳಿಯ ಮನೆಯಲ್ಲಿ ಹುಳ ಸಾಕುವ ಹೆಂಡತಿ ತಿಮ್ಮಮ್ಮನೋ, "ಹುಳ ಪೊರೆ ಕಳಚಾಕೆ ಜ್ವರಕ್ಕೆ ಕೂತು ಸೊಪ್ಪು ತಿನ್ನಾದು ಬುಟ್ಟಾಗ ನಾವು ಒಸಿ ಒರಗ್ತೀವಿ. ನಿಮ್ಮ ಪ್ಯಾಟೆ ಯಾವಾಗ ಸೊಪ್ಪು ಬುಡ್ತದೋ ನಂಗೇನ್ ಗೊತ್ತು?" ಎನ್ನುತ್ತಾಳೆ. ಜನವರಿ ಎಂದು ಬರೆದು ಅಳಿಸುತ್ತಾನೆ, ಆಗಸ್ಟ್ ಎಂದು ಬರೆದು ಅಳಿಸುತ್ತಾನೆ. ಕಾಗದ ತೂತಾದ ಮೇಲೆ "ತಿಳಿದ ನಂತರ ತಿಳಿಸಲಾಗುವುದು" ಎಂದು ಸಹಿ ಹಾಕುತ್ತಾನೆ. ಒಮ್ಮೆ ಮಾತ್ರ ಧೈರ್ಯಮಾಡಿ ಪಂಪು ಬಿಚ್ಚಿದ್ದ. ಗಂಟೆಯೊಳಗೆ ತಗ್ಗಿನ ಓಣಿಯ ಮುನಿತಾಯಮ್ಮ ಓಡಿಬಂದು, "ಅಣ್ಣೋ, ಬಾಣಂತಿ ಮಗಳ ಮಂಚದ ಕೆಳಗೆ ನೀರು ನಿಂತೈತೆ!" ಎಂದಳು. ಅವಸರದಲ್ಲೇ ಮತ್ತೆ ಜೋಡಿಸಿದ. ಪಂಪು ಓಡಿತು, ನೀರೂ ಇಳಿಯಿತು, ಒಂದು ನಟ್ಟು ಮಾತ್ರ ಅಂಗೈಯಲ್ಲಿ ಉಳಿಯಿತು. ಅದು ಎಲ್ಲಿಯದೆಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಅಂದಿನಿಂದ ಪಂಪು ಓಡುವಷ್ಟು ಹೊತ್ತೂ ಅವನು ಊಟಕ್ಕೂ ಏಳದೆ, ಆ ನಟ್ಟಿರುವ ಜೇಬಿನ ಮೇಲೆ ಕೈಯಿಟ್ಟುಕೊಂಡು ಪಂಪಿನ ಪಕ್ಕದಲ್ಲೇ ಕೂತಿರುತ್ತಾನೆ.